ರಿಪೋರ್ಟು ಯಾರ ಫೋನಿಗೆ?

ರಿಪೋರ್ಟು ಬಂದದ್ದು ನನ್ನ ಫೋನಿಗೆ. ಲ್ಯಾಬಿನ ಬಿಲ್ಲಿಂಗ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳಿದಾಗ ಹೇಳಿದವನು ನಾನು, ದುಡ್ಡು ಕಟ್ಟಿದವನೂ ನಾನೇ. ರಕ್ತ ಕೊಟ್ಟವಳು ಪಕ್ಕದ ಕುರ್ಚಿಯಲ್ಲಿ ತೋಳು ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದಳು. ಗುರುವಾರ ಸಂಜೆ ಅಮೆರಿಕದ ಟೀಮಿನ ಜೊತೆ ಕಾಲ್‌ನಲ್ಲಿದ್ದಾಗ ವಾಟ್ಸಾಪಿಗೆ ಪಿಡಿಎಫ್ ಬಂತು. ಮ್ಯೂಟ್ ಮಾಡಿ ತೆರೆದೆ.

ಡಬಲ್ ಮಾರ್ಕರ್ ಟೆಸ್ಟು. ನಮ್ಮ ವಯಸ್ಸಿನ, ನಮ್ಮಂಥ ಕೆಲಸದಲ್ಲಿರೋ ಬೆಂಗಳೂರಿಗರಿಗೆ ಈ ಹೆಸರು ಗೊತ್ತಿರುತ್ತೆ. 11ರಿಂದ 14ನೇ ವಾರದೊಳಗೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನ ಅಳೀತಾರೆ. ಒಂದು ಎಚ್‌ಸಿಜಿ ಹಾರ್ಮೋನಿನ ಒಂದು ತುಂಡು, ಇನ್ನೊಂದು ಪ್ಯಾಪ್-ಎ. ಮುಖ್ಯವಾಗಿ ಡೌನ್ ಸಿಂಡ್ರೋಮ್ ಸಾಧ್ಯತೆ ನೋಡೋಕೆ. ನಮ್ಮ ರಿಪೋರ್ಟಿನಲ್ಲಿ ಅದಕ್ಕೆ ಹಸಿರು ಬಣ್ಣ ಇತ್ತು. ಉಸಿರು ಬಿಟ್ಟೆ. ಆಮೇಲೆ ಅಭ್ಯಾಸಬಲದಿಂದ, ಲಾಗ್ ಫೈಲ್ ನೋಡಿದ ಹಾಗೆ, ಕೆಳಗಿನ ಸಾಲುಗಳನ್ನೂ ಓದಿದೆ. ಪ್ಯಾಪ್-ಎ: 0.31. ಈ ಲೆಕ್ಕದಲ್ಲಿ 1 ಅಂದರೆ ಅಷ್ಟೇ ವಾರದ ಬಸುರಿಯರ ನಡುವಿನ ಅಂಕಿ, ಅಂದರೆ ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ನಮ್ಮದು ಅದರ ಮೂರನೇ ಒಂದು ಭಾಗವೂ ಇಲ್ಲ.

ಗೂಗಲ್ ಮಾಡಿದೆ. ಡೌನ್ ಸಿಂಡ್ರೋಮ್ ಇಲ್ಲದೆ ಪ್ಯಾಪ್-ಎ ಮಾತ್ರ ಹೀಗೆ ಕಡಿಮೆ ಇದ್ದರೆ ಮುಂದೆ ಗರ್ಭದಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುವ ಸಾಧ್ಯತೆ ಹೆಚ್ಚು ಅಂತ ಇತ್ತು. ಹಾಗೇ ಓದ್ತಾ ಹೋದರೆ, ಹೀಗೆ ಕಡಿಮೆ ಇದ್ದವರಲ್ಲಿ ಹೆಚ್ಚಿನವರಿಗೆ ಸರಿಯಾದ ತೂಕದ ಮಗುವೇ ಹುಟ್ಟುತ್ತೆ ಅಂತಲೂ ಇತ್ತು. ಕಾಲ್ ಮುಗೀತು. ಅಡುಗೆಮನೆಯಿಂದ ಇವಳು ಕೇಳಿದಳು, "ರಿಪೋರ್ಟ್ ಬಂತಾ?"

"ಬಂತು. ಎಲ್ಲಾ ನಾರ್ಮಲ್" ಅಂದೆ.

ಆ ಸುಳ್ಳಿಗೆ ನನ್ನ ಹತ್ತಿರ ಒಳ್ಳೇ ವಾದ ಇತ್ತು, ಅದೇ ತೊಂದರೆ. ನಮ್ಮ ಕೆಲಸದಲ್ಲಿ ಮಾನಿಟರಿಂಗ್ ಮಾಡೋರಿಗೆ ಒಂದು ಪಾಠ ಮೊದಲೇ ಕಲಿಸ್ತಾರೆ. ಯಾರೂ ಏನೂ ಮಾಡಲಾಗದ ಅಲರ್ಟನ್ನ ಕಳಿಸಬೇಡ. ರಾತ್ರಿ ಮೂರು ಗಂಟೆಗೆ ಎಬ್ಬಿಸಿ, "ನೋಡು, ಇದು ಕೆಂಪಾಗಿದೆ, ಆದರೆ ನೀನು ಮಾಡೋಕೆ ಏನೂ ಇಲ್ಲ" ಅನ್ನೋದು ಹಿಂಸೆ. ಗರ್ಭದಲ್ಲಿ ಬೆಳವಣಿಗೆ ಕುಂಠಿತ ಆದರೆ ಅದನ್ನ ಒಳಗೇ ಸರಿಮಾಡೋ ಔಷಧಿ ಇಲ್ಲ. ನಿಗಾ ಇಡೋದು, ಸರಿಯಾದ ಹೊತ್ತಿಗೆ ಹೆರಿಗೆ ಮಾಡಿಸೋದು, ಇಷ್ಟೇ. ಹಾಗಿದ್ದಮೇಲೆ 12ನೇ ವಾರಕ್ಕೇ ಅವಳಿಗೆ ಹೇಳಿ ಏನು ಪ್ರಯೋಜನ? ಬಹುಪಾಲು ಸುಳ್ಳಾಗೋ ಒಂದು ಭಯವನ್ನ ಆರು ತಿಂಗಳು ಹೊತ್ತುಕೊಂಡು ಓಡಾಡ್ತಾಳೆ. ನಾನು ಹೊತ್ತುಕೊಳ್ತೀನಿ ಬಿಡು. ಹೀಗೆ ನನ್ನನ್ನ ನಾನು ಒಳ್ಳೆ ಗಂಡನನ್ನಾಗಿ ಮಾಡಿಕೊಂಡೆ.

ಮುಂದಿನ ಬುಧವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು. ಸೋಮವಾರ ಇವಳು, "ಈ ವಾರ, ಮುಂದಿನ ವಾರ ಎರಡೂ ಕ್ಲೈಂಟ್ ವಿಸಿಟ್. ಹೇಗೂ ಎಲ್ಲಾ ನಾರ್ಮಲ್ ಅಲ್ವಾ, ಮುಂದಕ್ಕೆ ಹಾಕಲಾ?" ಅಂದಳು. ಒಂದು ಕ್ಷಣ ತಡೆದೆ. ಬೇಡ ಅಂದರೆ ಯಾಕೆ ಅಂತ ಕೇಳ್ತಾಳೆ. "ಹೂಂ, ಹಾಕು" ಅಂದೆ. ಈ "ಹೂಂ" ಬಗ್ಗೆ ಆಮೇಲೆ ಹೇಳ್ತೀನಿ.

ಈ ಪ್ಯಾಪ್-ಎ ಎಲ್ಲಿಂದ ಬರುತ್ತೆ ಅಂತ ಆ ದಿನಗಳಲ್ಲಿ ಕದ್ದು ಕದ್ದು ಓದಿದೆ. ಹಾರ್ಮೋನ್ ಮಾರ್ಕರ್ ಅಂತ ಕರೀತಾರೆ. ಕಟ್ಟುನಿಟ್ಟಾಗಿ ಹೇಳಿದರೆ ಅದೊಂದು ಕಿಣ್ವ, ಹಾರ್ಮೋನುಗಳಿಗೆ ದಾರಿ ಮಾಡಿಕೊಡೋ ಕೆಲಸ ಅದರದ್ದು. 1974ರಲ್ಲೇ ಬಸುರಿಯರ ರಕ್ತದಲ್ಲಿ ಪತ್ತೆಯಾದರೂ ಅದರ ಕೆಲಸ ಏನು ಅಂತ ಗೊತ್ತಾಗಿದ್ದು 1999ರಲ್ಲಿ. ಮೈಯಲ್ಲಿ ಐಜಿಎಫ್ ಅಂತ ಬೆಳವಣಿಗೆಯ ಹಾರ್ಮೋನುಗಳಿವೆ. ಅವನ್ನ ಬೇರೆ ಪ್ರೋಟೀನುಗಳು ಕಟ್ಟಿಹಾಕಿಕೊಂಡಿರುತ್ತವೆ. ಆ ಕಟ್ಟುಗಳಲ್ಲಿ ಒಂದನ್ನ ಕತ್ತರಿಸಿ ಹಾರ್ಮೋನನ್ನ ಬಿಡಿಸೋದು ಪ್ಯಾಪ್-ಎ. ಅದನ್ನ ಹೇರಳವಾಗಿ ತಯಾರಿಸೋದು ತಾಯಿಯೂ ಅಲ್ಲ, ಮಗುವೂ ಅಲ್ಲ. ಇಬ್ಬರ ನಡುವೆ ಇರೋ ಪ್ಲಾಸೆಂಟಾ.

ಪ್ಲಾಸೆಂಟಾಗೆ ನಮ್ಮೂರಿನ ಕಡೆ ಹೇಳೋದು ಕಸ ಅಂತ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಹಸು ಕರು ಹಾಕಿದ ಮೇಲೆ ಕಸ ಬೀಳೋವರೆಗೂ ಅಪ್ಪ ಕೊಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ. ಬಿದ್ದದ್ದನ್ನ ಹಸು ತಿನ್ನದ ಹಾಗೆ ಎತ್ತಿ, ಹುಲ್ಲಿನಲ್ಲಿ ಸುತ್ತಿ, ಆಲದ ಮರಕ್ಕೆ ಕಟ್ಟಿ ಬರ್ತಿದ್ದರು. ಹೆಸರು ಕಸ, ಮರ್ಯಾದೆ ಮಾತ್ರ ದೇವರದ್ದು. ನಾನು ಬಿಇ ಓದಿ ಬೆಂಗಳೂರಿಗೆ ಬಂದು ಹತ್ತು ವರ್ಷ ಕಳೆದಮೇಲೆ ಆ ಕಸದ ಬಗ್ಗೆ ಯೋಚನೆ ಮಾಡಿದ್ದು ಇದೇ ಮೊದಲು. ಅಂಟಿಕೊಂಡ ಮೊದಲ ವಾರಗಳಲ್ಲಿ ಅದು ತಾಯಿಯ ಗರ್ಭಕೋಶದ ರಕ್ತನಾಳಗಳ ಒಳಗೆ ನುಗ್ಗಿ ಅವನ್ನ ಅಗಲ ಮಾಡುತ್ತೆ. ಕಾಲುವೆ ಅಗಲವಾದರೆ ಕೊನೆ ಮಡಿಗೂ ನೀರು. ಸರಿಯಾಗಿ ಆಗದಿದ್ದರೆ 28ನೇ ವಾರಕ್ಕೋ 32ನೇ ವಾರಕ್ಕೋ, ಮಗುವಿಗೆ ಹೆಚ್ಚು ಬೇಕಾದಾಗ, ಸಾಲದೆ ಬರುತ್ತೆ. ಪ್ಯಾಪ್-ಎ ಕಡಿಮೆ ಅಂದರೆ ಆ ನುಗ್ಗುವಿಕೆ ಮಂದವಾಗಿರಬಹುದು ಅನ್ನೋ ಗುಮಾನಿ. ಗುಮಾನಿ ಅಷ್ಟೇ, ತೀರ್ಪಲ್ಲ.

ಶನಿವಾರ ಡಾಕ್ಟರ್ ಹತ್ತಿರ ಹೋದಾಗ 15 ವಾರ 1 ದಿನ. ಅವರು ರಿಪೋರ್ಟಿನ ಮೇಲೆ ಪೆನ್ನು ಓಡಿಸ್ತಾ ಓಡಿಸ್ತಾ ಒಂದು ಕಡೆ ನಿಲ್ಲಿಸಿದರು. "ಇದು ಕಡಿಮೆ ಇದೆಯಲ್ಲ. ನೋಡಿದ್ರಾ?"

"ನೋಡಿದೆ" ಅಂದೆ. ಬೇರೆ ಏನು ಹೇಳೋದು. ಇವಳು ನನ್ನ ಕಡೆ ತಿರುಗಿದಳು.

ಡಾಕ್ಟರು ಆಸ್ಪಿರಿನ್ ಬರೆದುಕೊಟ್ಟರು. ಕಡಿಮೆ ಡೋಸು, ದಿನಾ ರಾತ್ರಿ ಒಂದು. 16 ವಾರದೊಳಗೆ ಶುರು ಮಾಡಿದರೆ ಪ್ರಯೋಜನ ಜಾಸ್ತಿ, ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಆ ಗಡುವು ದಾಟಿಬಿಡ್ತಿತ್ತು ಅಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನನಗೆ ಮಾತ್ರ ಕೈ ತಣ್ಣಗಾಯ್ತು. ಆಸ್ಪಿರಿನ್ ಏನು ಸಂಜೀವಿನಿ ಅಲ್ಲ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅನ್ನೋ ದೊಡ್ಡ ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದ ಬಸುರಿಯರಿಗೆ 11ರಿಂದ 14ನೇ ವಾರದೊಳಗೆ ಶುರು ಮಾಡಿ ದಿನಕ್ಕೆ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುಂಚೆ ಬರುವ ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಬಸುರಿನ ಬಿಪಿ ಕಾಯಿಲೆ, ಸುಮಾರು 62 ಶೇಕಡಾ ಇಳೀತು. ಆ ಕಾಯಿಲೆಗೂ ಮಗು ಸೊರಗೋದಕ್ಕೂ ಬೇರು ಬಹಳ ಸಲ ಒಂದೇ, ಅದೇ ಕಸ. ಆದರೆ ಪ್ಯಾಪ್-ಎ ಮಾತ್ರ ಕಡಿಮೆ ಇದ್ದು ಬೇರೆಲ್ಲ ಸರಿ ಇದ್ದವರಿಗೆ ಎಷ್ಟು ಉಪಯೋಗ ಅನ್ನೋದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಇರಲಿ. "ಮಾಡೋಕೆ ಏನೂ ಇಲ್ಲ" ಅಂತ ನಾನು ತೀರ್ಮಾನ ಮಾಡಿದ್ದೆನಲ್ಲ, ಆ ತೀರ್ಮಾನ ಮಾಡೋಕೆ ನಾನು ಯಾರು? ಅಲರ್ಟಿಗೆ ಉತ್ತರ ಇಲ್ಲ ಅಂತ ಹೇಳಬೇಕಾದವನು ಆ ಸಿಸ್ಟಮ್ ಗೊತ್ತಿರೋನು. ನಾನು ಪಕ್ಕದ ಟೀಮಿನವನು.

ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಸಿಗ್ನಲ್‌ವರೆಗೂ ಮಾತಿಲ್ಲ. ಅಲ್ಲಿ ಕೇಳಿದಳು, "ಎಷ್ಟು ದಿನದಿಂದ ಗೊತ್ತು?"

"ಹದಿನಾರು."

"ನನ್ನ ಮೈಯೊಳಗಿನ ಸುದ್ದಿ. ಹದಿನಾರು ದಿನ ನಿನಗೆ ಗೊತ್ತು, ನನಗೆ ಗೊತ್ತಿಲ್ಲ."

"ನೀನು ಹೆದರ್ತೀಯ ಅಂತ..."

"ಹೆದರೋದೂ ನಂದೇ ಅಲ್ವಾ?"

ಇದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ತಿಳಿಯದೇ ಇರುವ ಹಕ್ಕು ಅಂತ ಒಂದಿದೆ, ವೈದ್ಯಕೀಯ ನೀತಿಶಾಸ್ತ್ರದವರು ಅದರ ಬಗ್ಗೆ ತುಂಬ ಬರೆದಿದ್ದಾರೆ, ನಾನೂ ಒಪ್ಪುತ್ತೀನಿ. ಆದರೆ ಆ ಹಕ್ಕನ್ನ ಚಲಾಯಿಸಬೇಕಾದವಳು ಅವಳು. "ನನಗೆ ಹೇಳಬೇಡಿ" ಅಂತ ಅವಳು ಹೇಳಬಹುದು. ಅವಳ ಪರವಾಗಿ ನಾನು ಹೇಳಿಬಿಟ್ಟರೆ ಅದು ಅವಳ ಹಕ್ಕಲ್ಲ, ನನ್ನ ದರ್ಬಾರು.

ಹಾಗಂತ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ವಿಷಯ ಊರಿಗೆ ಮುಟ್ಟಿತು. ಚಿಕ್ಕಮ್ಮ ಫೋನ್ ಮಾಡಿ, "ಇಡೀ ದಿನ ಆ ಲ್ಯಾಪ್‌ಟಾಪ್ ಮುಂದೆ ಕೂತಿದ್ರೆ ಮಗು ಹೆಂಗ್ ಬೆಳೀತದೆ? ಹೊಟ್ಟೆಗೆ ಸರಿಯಾಗಿ ತಿನ್ನೋಕೆ ಹೇಳು" ಅಂದರು. ಪ್ಯಾಪ್-ಎ ಕಡಿಮೆ ಅನ್ನೋದು ಆ ಕಿವಿಗೆ ಮುಟ್ಟೋ ಹೊತ್ತಿಗೆ "ಸೊಸೆ ಸರಿಯಾಗಿ ತಿಂತಿಲ್ಲ" ಅಂತ ಅನುವಾದ ಆಗಿತ್ತು. ರಕ್ತ ತೆಗೆದದ್ದು ಅವಳ ತೋಳಿನಿಂದ, ಹಾಗಾಗಿ ತಪ್ಪೂ ಅವಳದ್ದೇ. ಒಂದು ಅಂಕಿಗೆ ಎಷ್ಟು ಸುಲಭವಾಗಿ ಹಳೇ ಬಾಯಿ ಸಿಗುತ್ತೆ ನೋಡಿ.

ಅವ್ವನಿಗೆ ನಾನೇ ಹೇಳಿದೆ, ಎದುರಿಗೆ ಕೂತು. ನನಗಿಂತ ಮುಂಚೆ ಅವ್ವನಿಗೆ ಒಂದು ಮಗು ಆಗಿತ್ತು. ಬಲು ಸಣ್ಣದಿತ್ತಂತೆ, ಒಂಬತ್ತು ದಿನ ಇತ್ತಂತೆ. ತೂಕ ಹಾಕಿದವರಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವ್ವ ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚಿದ್ದಳು, ಅದಕ್ಕೇ ಹೀಗಾಯ್ತು ಅಂತ ಅಜ್ಜಿ ಹೇಳಿದ್ದರು. ಮನೆಯಲ್ಲಿ ಯಾರೂ ಆ ಮಾತನ್ನ ಮತ್ತೆ ಎತ್ತಿರಲಿಲ್ಲ, ವಾಪಸ್ಸೂ ತಗೊಂಡಿರಲಿಲ್ಲ. ನಾನು ಕಾಲುವೆ, ಮಡಿ ಅಂತೆಲ್ಲ ಹೇಳಿ ಪ್ಲಾಸೆಂಟಾ ಅರ್ಥ ಮಾಡಿಸಿದೆ. ಅದು ಕೂರೋ ಶುರುವಿನಲ್ಲೇ, ಬಸುರು ಅಂತ ಗೊತ್ತಾಗೋ ಹೊತ್ತಿಗೇ, ಅರ್ಧ ಕೆಲಸ ಆಗಿರುತ್ತೆ, ಅದರಲ್ಲಿ ಇವಳ ತಪ್ಪು ಏನೂ ಇಲ್ಲ ಅಂದೆ. ಅವ್ವ ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು, "ಹಂಗಾದ್ರೆ ನಂದೂ ಈಳಿಗೆಮಣೆಯಿಂದ ಆಗಿದ್ದಲ್ಲ ಅನ್ನು."

ಅಲ್ಲ ಅಂದೆ. ಆ ಮಗುವಿಗೆ ಏನಾಗಿತ್ತೋ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಈಳಿಗೆಮಣೆ ಅಲ್ಲ ಅನ್ನೋದು ಮಾತ್ರ ಗೊತ್ತು. ನಲವತ್ತು ವರ್ಷ ತಡವಾಗಿ ಬಂದ ರಿಪೋರ್ಟು.

ತಾಯಿಯ ಮೈಯಿಂದ ಮಗುವಿನ ಸುದ್ದಿ ಓದೋ ಪ್ರಯತ್ನ ಹೊಸದೇನಲ್ಲ. 1960, 70ರ ದಶಕಗಳಲ್ಲಿ ಪಶ್ಚಿಮದ ದೇಶಗಳ ಆಸ್ಪತ್ರೆಗಳಲ್ಲಿ ಬಸುರಿಯರ 24 ಗಂಟೆಯ ಮೂತ್ರವನ್ನ ದೊಡ್ಡ ಬಾಟಲಿಯಲ್ಲಿ ಕೂಡಿಟ್ಟು ಎಸ್ಟ್ರಿಯಾಲ್ ಅನ್ನೋ ಹಾರ್ಮೋನು ಅಳೀತಿದ್ದರು. ಈ ಹಾರ್ಮೋನು ತಯಾರಾಗೋ ರೀತಿ ಬಹಳ ಚೆಂದ. ಕಚ್ಚಾ ಮಾಲು ಬಹುಪಾಲು ಮಗುವಿನ ಅಡ್ರಿನಲ್ ಗ್ರಂಥಿಯದ್ದು, ಅದನ್ನ ಒಂದಿಷ್ಟು ಮಾರ್ಪಡಿಸೋದು ಮಗುವಿನ ಲಿವರ್, ಕೊನೆಗೆ ಹಾರ್ಮೋನ್ ಮಾಡಿ ಮುಗಿಸೋದು ಪ್ಲಾಸೆಂಟಾ. ಅಲ್ಲಿಂದ ತಾಯಿಯ ರಕ್ತಕ್ಕೆ, ಮೂತ್ರಕ್ಕೆ. ತಾಯಿ, ಮಗು ಮತ್ತು ಕಸ ಒಂದೇ ಕಾರ್ಖಾನೆ ಅಂತ ತೋರಿಸಿಕೊಟ್ಟವರು ಸ್ಟಾಕ್‌ಹೋಮಿನಲ್ಲಿ ಕೆಲಸ ಮಾಡ್ತಿದ್ದ ಈಗಾನ್ ಡಿಟ್ಸ್‌ಫಾಲುಶಿ. ಎಸ್ಟ್ರಿಯಾಲ್ ಇಳೀತು ಅಂದರೆ ಮಗು ಕಷ್ಟದಲ್ಲಿದೆ ಅಂತ ಊಹೆ, ಕೆಲವು ಸಲ ಆ ಅಂಕಿಯ ಮೇಲೆ ಅವಸರದ ಹೆರಿಗೆ. ಆದರೆ ಒಂದು ಕಿಣ್ವದ ಕೊರತೆ ಇರೋ ಮಕ್ಕಳಲ್ಲಿ ಎಸ್ಟ್ರಿಯಾಲ್ ಪಾತಾಳದಲ್ಲಿದ್ದರೂ ಮಗು ಚೆನ್ನಾಗೇ ಬೆಳೆದಿರುತ್ತೆ, ಚರ್ಮ ಮಾತ್ರ ಒರಟು.

1976ರಲ್ಲಿ ಅಮೆರಿಕದಿಂದ ಒಂದು ಪ್ರಯೋಗದ ವರದಿ ಬಂತು. ಅಪಾಯದಲ್ಲಿದ್ದ ಬಸುರಿಯರ ರಕ್ತದಲ್ಲಿ ಈ ಹಾರ್ಮೋನು ಅಳೆದು, ಒಂದು ಗುಂಪಿನವರ ಫಲಿತಾಂಶವನ್ನ ಚಿಕಿತ್ಸೆ ಮಾಡೋ ಡಾಕ್ಟರಿಗೆ ತಿಳಿಸಿದರು, ಇನ್ನೊಂದು ಗುಂಪಿನದನ್ನ ಬಚ್ಚಿಟ್ಟರು. ಮಕ್ಕಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಂದೆ ಸ್ಕ್ಯಾನಿಂಗು, ಡಾಪ್ಲರು ಬಂದು ಬಾಟಲಿಗಳು ಮೂಲೆಗೆ ಸೇರಿದವು. ಬಚ್ಚಿಟ್ಟರೂ ವ್ಯತ್ಯಾಸ ಆಗಲಿಲ್ಲ ಅನ್ನೋದನ್ನ ಓದಿದಾಗ ನನ್ನೊಳಗಿನ ಹಳೇ ವಕೀಲ ಎದ್ದು ಕೂತ, ನೋಡು, ನಾನು ಹೇಳಲಿಲ್ಲವಾ ಅಂತ. ಆಮೇಲೆ ಹೊಳೀತು. ಅವರು ಬಚ್ಚಿಟ್ಟದ್ದು, ಅಂಕಿಯಿಂದ ಉಪಯೋಗ ಇದೆಯಾ ಅಂತ ಕಂಡುಹಿಡಿಯೋಕೆ. ನಾನು ಬಚ್ಚಿಟ್ಟದ್ದು, ಉಪಯೋಗ ಇಲ್ಲ ಅಂತ ಮೊದಲೇ ನಂಬಿಕೊಂಡು.

ಇನ್ನೊಂದು ತುದಿಯೂ ಇದೆ. ಅಂಕಿ ಕಂಡಮೇಲೆ ಸುಮ್ಮನೆ ಕೂರಲಾಗದೆ ಏನಾದರೂ ಮಾಡಲೇಬೇಕು ಅನ್ನೋ ತುದಿ. ವಯಾಗ್ರಾ ಹೆಸರಲ್ಲಿ ಮಾರೋ ಸಿಲ್ಡೆನಾಫಿಲ್ ರಕ್ತನಾಳ ಹಿಗ್ಗಿಸುತ್ತಲ್ಲ, ಪ್ಲಾಸೆಂಟಾಗೂ ರಕ್ತ ಹೆಚ್ಚಿಸಬಹುದು ಅನ್ನೋ ಆಸೆಯಿಂದ ಹಲವು ದೇಶಗಳಲ್ಲಿ ಪ್ರಯೋಗ ನಡೆದವು. ತರ್ಕ ಚೆನ್ನಾಗೇ ಇತ್ತು. ನೆದರ್‌ಲೆಂಡ್ಸಿನ ಪ್ರಯೋಗವನ್ನ 2018ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯ್ತು, ಔಷಧಿ ತಗೊಂಡ ತಾಯಂದಿರ ಮಕ್ಕಳಲ್ಲಿ ಶ್ವಾಸಕೋಶದ ತೊಂದರೆ ಹೆಚ್ಚಾಗಿ ಕಂಡಿತ್ತು. ನಮ್ಮ ಕಡೆ "ಏನಾದ್ರೂ ಒಂದು ಮಾಡಿ ಡಾಕ್ಟ್ರೇ" ಅಂತೀವಲ್ಲ, ಆ ಮಾತನ್ನ ನಾನು ಈಗ ಅಷ್ಟು ಸಲೀಸಾಗಿ ಹೇಳಲ್ಲ.

ಗಂಡಸರ ಕೈಗೆ ಸಿಕ್ಕ ಸುದ್ದಿ ಏನಾಗುತ್ತೆ ಅನ್ನೋದು ಈ ದೇಶಕ್ಕೆ ಹೊಸದಲ್ಲ. ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಆ ಬೋರ್ಡು ನೋಡಿರ್ತೀರಿ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ. 1994ರ ಕಾಯ್ದೆ. ಗರ್ಭದೊಳಗಿನ ಒಂದು ಸತ್ಯವನ್ನ ಯಾರೂ ಕೇಳಬಾರದು, ಯಾರೂ ಹೇಳಬಾರದು ಅಂತ ಸರಕಾರವೇ ನಿಲ್ಲಿಸಿದ್ದು, ಆ ಸತ್ಯ ಮನೆಗೆ ಹೋದಮೇಲೆ ಏನಾಗ್ತಿತ್ತು ಅಂತ ಗೊತ್ತಿದ್ದರಿಂದ. ಪ್ರತಿ ಸಲ ಸ್ಕ್ಯಾನಿಗೆ ಮುಂಚೆ ಫಾರ್ಮಿಗೆ ಸಹಿ ಹಾಕೋದು ಇವಳು, ಮಗು ಗಂಡೋ ಹೆಣ್ಣೋ ತಿಳಿಯಲು ನಾನು ಬಯಸುವುದಿಲ್ಲ ಅಂತ. ತಿಳಿಯೋದು ಬೇಡ ಅನ್ನೋ ಘೋಷಣೆಗೆ ಅವಳ ಸಹಿ ಬೇಕು. ತಿಳಿಸೋಕೆ ಮಾತ್ರ ನನ್ನ ಫೋನು.

ಮಗಳಿಗೆ ಈಗ ಮೂರು ವರ್ಷ. 37 ವಾರಕ್ಕೆ ಹೆರಿಗೆ ಮಾಡಿಸಿದರು, 2.2 ಕೆಜಿ ಇದ್ದಳು. ಪ್ಯಾಪ್-ಎ ಹೇಳಿದ್ದು ನಿಜವಾಯ್ತಾ, ಅಥವಾ ಅವಳು ಬರೀ ಸಣ್ಣ ಮಗುವಾ? ಸಣ್ಣದಿರೋದು ಬೇರೆ, ಬೆಳೆಯೋಕೆ ಆಗದಿರೋದು ಬೇರೆ. ಹತ್ತನೇ ಶತಾಂಶದ ಕೆಳಗೆ ಅಂತ ಗೆರೆ ಎಳೆದರೆ, ಆ ಗೆರೆ ಎಳೆದ ಜನರಲ್ಲೇ ಹತ್ತರಲ್ಲಿ ಒಂದು ಮಗು ಅದರ ಕೆಳಗೆ ಇದ್ದೇ ಇರುತ್ತೆ, ಗಣಿತಕ್ಕಾಗಿಯಾದರೂ. ಇವಳೂ ಐದಡಿ, ನಾನೂ ಏನು ಎತ್ತರ ಅಲ್ಲ.

ಆದರೆ ಆ 2.2 ಅನ್ನೋ ಅಂಕಿ ಅಲ್ಲಿಗೇ ನಿಲ್ಲಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ನಾವು ಮಿಷನ್ ಆಸ್ಪತ್ರೆ ಅಂತೀವಲ್ಲ ಅಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದವರಿಗೆ ಅದು ಮುಂದೆ ಯಾವುದಕ್ಕೆ ಬರುತ್ತೆ ಅಂತ ಅಂದಾಜೂ ಇದ್ದಿರಲಾರದು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನ ತೆಗೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಹತ್ತಿರದಲ್ಲೇ ಇದ್ದ 517 ಜನರನ್ನ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ 2.5 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ, 3.1 ಕೆಜಿ ಮೇಲಿದ್ದವರಲ್ಲಿ ನೂರಕ್ಕೆ 3. 1996ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ನೂರರಲ್ಲಿ 89 ಜನಕ್ಕೆ ಏನೂ ಆಗಿರಲಿಲ್ಲ ಅಂತಲೂ ಓದಬಹುದು, ನಾನು ಹಾಗೇ ಓದ್ತೀನಿ. ಆದರೂ ಇದನ್ನ ಮಗಳಿಗೆ ಯಾವಾಗ ಹೇಳಬೇಕು? ಹದಿನೆಂಟಕ್ಕಾ? ಮೂವತ್ತಕ್ಕಾ? ಇದೂ ಅವಳ ಮೈಯ ಸುದ್ದಿಯೇ, ಸದ್ಯಕ್ಕೆ ನನ್ನ ಫೋನಿನಲ್ಲಿ ಕೂತಿದೆ. ಇವಳನ್ನ ಕೇಳಿದೆ. "ಮೊದಲು ಅನ್ನ ತಿನ್ನಿಸು ಅವಳಿಗೆ" ಅಂದಳು.

ಹೇಳಬೇಕಾದ ಇನ್ನೊಂದು ಘಟನೆ ಹೆರಿಗೆಗೆ ಮುಂಚಿನದು. 31ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಕಡಿಮೆ ಬಂತು. ಹೊಕ್ಕುಳಬಳ್ಳಿಯ ರಕ್ತದ ಓಟ ಸರಿಯಾಗೇ ಇತ್ತು. ಡಾಕ್ಟರು ಇನ್ನೊಂದು ರಕ್ತಪರೀಕ್ಷೆ ಇದೆ, ಬೇಕಾದರೆ ಮಾಡಿಸಬಹುದು ಅಂದರು. ಪ್ಲಾಸೆಂಟಾ ಬಿಡೋ ಎರಡು ಪ್ರೋಟೀನುಗಳ ಅನುಪಾತ ಅದು. ಪಿಎಲ್‌ಜಿಎಫ್ ಅನ್ನೋದು ರಕ್ತನಾಳ ಬೆಳೆಸೋದು, ಎಸ್‌ಫ್ಲಿಟ್-1 ಅನ್ನೋದು ಅದನ್ನ ಹಿಡಿದು ಕಟ್ಟಿಹಾಕೋದು. ಕಸ ಸೋಲ್ತಾ ಬಂದ ಹಾಗೆ ಮೊದಲನೆಯದು ಇಳಿಯುತ್ತೆ, ಎರಡನೆಯದು ಏರುತ್ತೆ. ಬಸುರಿನ ಬಿಪಿ ಕಾಯಿಲೆಯಲ್ಲಿ ಈ ಎರಡನೆಯದರ ಪಾತ್ರವನ್ನ 2003ರಲ್ಲಿ ತೋರಿಸಿದ ಬಾಸ್ಟನ್ನಿನ ತಂಡದ ಅನಂತ್ ಕರುಮಂಚಿ ಓದಿದ್ದು ನಮ್ಮ ಪಕ್ಕದ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ.

ನಾನು ಬಾಯಿ ತೆರೆಯೋಕೆ ಮುಂಚೆ ಇವಳು ಕೇಳಿದಳು, "ಮೇಡಂ, ಅದು ಜಾಸ್ತಿ ಬಂದ್ರೆ ನೀವು ಏನು ಬೇರೆ ಥರ ಮಾಡ್ತೀರಾ?"

ಡಾಕ್ಟರು ಸ್ವಲ್ಪ ಯೋಚಿಸಿ ಹೇಳಿದರು. "ಔಷಧಿ ಅಂತ ಏನೂ ಬದಲಾಗಲ್ಲ. ಎರಡು ವಾರಕ್ಕೊಂದು ಸಲ ಕರೀತಿದ್ದೀನಲ್ಲ, ವಾರಕ್ಕೆ ಎರಡು ಸಲ ಕರೀತೀನಿ. ದಿನಾ ಬಿಪಿ ನೋಡ್ಕೋಬೇಕು. ಎನ್‌ಐಸಿಯು ಇರೋ ಕಡೆನೇ ಹೆರಿಗೆ ಅಂತ ಈಗಲೇ ತೀರ್ಮಾನ ಮಾಡ್ತೀವಿ."

"ಕಡಿಮೆ ಬಂದ್ರೆ?"

"ಹೀಗೇ ಮುಂದುವರಿಯೋದು. ನಾನೂ ಸ್ವಲ್ಪ ನಿದ್ದೆ ಮಾಡ್ತೀನಿ" ಅಂತ ನಕ್ಕರು.

"ಹಾಗಾದ್ರೆ ಮಾಡ್ಸೋಣ" ಅಂದಳು.

ಏಳು ತಿಂಗಳಲ್ಲಿ ನಾನು ಓದಿದ ಪೇಪರುಗಳಲ್ಲಿ ಆ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅಂಕಿ ಎಷ್ಟು ನಿಖರ, ಎಷ್ಟು ಸುಳ್ಳು ಅಂತಲೇ ಲೆಕ್ಕ ಹಾಕ್ತಿದ್ದೆ. ಅಂಕಿ ಬಂದಮೇಲೆ ಯಾರು ಎದ್ದು ನಿಲ್ತಾರೆ ಅಂತ ಕೇಳಿದ್ದು ಅವಳು.

ಕೆಳಗಿನ ಕೌಂಟರಿನಲ್ಲಿ ಬಿಲ್ ಮಾಡ್ತಿದ್ದ ಹುಡುಗ ಅಭ್ಯಾಸದಂತೆ ನನ್ನ ಮುಖ ನೋಡಿ, "ಸರ್, ಮೊಬೈಲ್ ನಂಬರ್?" ಅಂದ. ಇವಳು ತನ್ನ ನಂಬರ್ ಹೇಳಿದಳು. ಅವನು, "ಸಿಸ್ಟಮ್ಮಲ್ಲಿ ಸರ್ ನಂಬರ್ ಇದೆಯಲ್ಲ ಮೇಡಂ" ಅಂದ. "ಚೇಂಜ್ ಮಾಡಿ" ಅಂದಳು.

ಮಾರನೇ ದಿನ ಮಧ್ಯಾಹ್ನವೇ ರಿಪೋರ್ಟು ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು. ಸಂಜೆ ಅವಳು ಮನೆಗೆ ಬಂದು, ಕೈಕಾಲು ತೊಳೆದು, ಟೀ ಇಟ್ಟು, ಎರಡು ಲೋಟಕ್ಕೆ ಸೋಸಿ ತಂದು ಕೂತಳು. ನಾನು ಕೇಳಲಿಲ್ಲ. ಟೀ ಅರ್ಧ ಆದಮೇಲೆ ಫೋನು ತೆಗೆದು ನನ್ನ ಕಡೆ ತಿರುಗಿಸಿದಳು.